ತಲಪಾಡಿಯ ಕೈಗಾರಿಕಾ ನೀತಿ

ಕಾಸರಗೋಡಿನಲ್ಲಿ ಉದ್ಯಮ ಬೆಳೆಯುವುದಿಲ್ಲ ಎಂದು ಸಭೆ ಸೇರಿದಾಗಲೆಲ್ಲ ಹಲುಬುವವರು ನಮ್ಮಲ್ಲಿ ಹೇರಳ. ಬಂಡವಾಳವಿಲ್ಲ, ತರಬೇತಿಯಿಲ್ಲ, ಹುಡುಗರೆಲ್ಲ ಗಲ್ಫಿಗೆ ಹೋದರು ಎಂದು ಚಹಾ ಬರುವ ತನಕ ಕಾರಣ ಹೇಳುತ್ತಾರೆ. ಇವರಲ್ಲಿ ಒಬ್ಬರೂ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಬಸ್ಸಿಳಿದು ಸುತ್ತ ನೋಡಿದಂತಿಲ್ಲ. ಅಲ್ಲಿ ಎರಡು ಸರ್ಕಾರಗಳು, ಪರಸ್ಪರ ಒಂದು ಮಾತೂ ಆಡಿಕೊಳ್ಳದೆ, ಬಲು ಯಶಸ್ವಿಯಾದ ಉದ್ಯಮ ಪ್ರೋತ್ಸಾಹ ಯೋಜನೆಯೊಂದನ್ನು ನಡೆಸುತ್ತಿವೆ.

ಪೆಟ್ರೋಲನ್ನೇ ನೋಡಿ. ಕೇರಳದಲ್ಲಿ ಅದರ ಬೆಲೆ ಮೊದಲೇ ಹೆಚ್ಚು. ಸಾಲದೆಂಬಂತೆ 2023ರ ಏಪ್ರಿಲಿನಲ್ಲಿ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ ಹಾಕಿದರು. ಉಳಿದವರ ಭದ್ರತೆಯ ಲೆಕ್ಕ ತಿರುವನಂತಪುರಕ್ಕೇ ಗೊತ್ತು. ಗಡಿಯ ಬಡಗು ಬದಿಯ, ಅಂದರೆ ಕರ್ನಾಟಕದ ಬಂಕುಗಳ ಭದ್ರತೆಯಂತೂ ಹೆಚ್ಚಿತು. ಮಂಜೇಶ್ವರ, ಉಪ್ಪಳದ ಕಾರುಗಳು ಖಾಲಿ ಟ್ಯಾಂಕಿನಲ್ಲಿ ಬಡಗಿಗೆ ಹೋಗಿ, ತುಂಬಿದ ಟ್ಯಾಂಕಿನಲ್ಲಿ ತೆಂಕಿಗೆ ಮರಳುತ್ತವೆ. ಒಂದು ಸರ್ಕಾರ ಹಾಕಿದ ತೆರಿಗೆಯಿಂದ ಇನ್ನೊಂದು ಸರ್ಕಾರದ ಬೊಕ್ಕಸ ತುಂಬುವ ಇಂಥ ಸಹಕಾರ ತತ್ವ ಯಾವ ಸಹಕಾರಿ ಸಂಘದಲ್ಲೂ ಕಾಣಸಿಗದು.

ಲಾಟರಿಯ ಕತೆ ಇದರ ತಿರುಗುಮುರುಗು. ಬಡವರ ಮನೆ ಹಾಳಾಗುತ್ತದೆ ಎಂದು ಕರ್ನಾಟಕ 2007ರಲ್ಲಿ ಅದನ್ನು ನಿಷೇಧಿಸಿತು. ಬಡವರಿಗೆ ದುಡಿಮೆ ಸಿಗುತ್ತದೆ ಎಂದು ಕೇರಳ 1967ರಿಂದ ಅದಕ್ಕೊಂದು ಇಲಾಖೆಯನ್ನೇ ಇಟ್ಟುಕೊಂಡಿದೆ. ಬಡವರ ಮೇಲಿನ ಕರುಣೆಯಲ್ಲಿ ಯಾರೂ ಕಡಿಮೆಯಿಲ್ಲ. ಆಚೆ ಅಪರಾಧವಾದದ್ದು ಈಚೆ ಓಣಂ ಬಂಪರ್ ಆಗಿರುವಾಗ, ಲಾಟರಿ ಮೇಜನ್ನು ಎಲ್ಲಿ ಹಾಕಬೇಕೆಂದು ತಿಳಿಯಲು ಯಾವ ಸಲಹೆಗಾರನೂ ಬೇಕಾಗಿಲ್ಲ.

ಇನ್ನು ಕೇರಳದ ಮದ್ಯದಂಗಡಿಗಳಿಗೆ ಪ್ರತಿ ತಿಂಗಳ ಒಂದನೇ ತಾರೀಖು ರಜೆ. ಸಂಬಳ ಬಂದ ದಿನವಾದರೂ ಗಂಡಸು ನೆಟ್ಟಗೆ ಮನೆಗೆ ಹೋಗಲಿ ಎಂಬ ಸದಾಶಯ. ಹೋಗುತ್ತಾನೆ, ಕರ್ನಾಟಕದ ದಾರಿಯಾಗಿ.

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಆ ಕಟ್ಟಡ ಮೇಲೇಳುತ್ತಿದ್ದ ವೇಗದಲ್ಲಿ ಮಂಗಳೂರಿಗೆ ಆಂಬುಲೆನ್ಸ್ ಓಡಿಸುವುದು ನಮ್ಮಲ್ಲಿ ಭದ್ರವಾದ ಕಸುಬಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂತೆಂದು ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಮಾತ್ರ ಅದು ನಿಂತಿತು; ರೋಗಿಗಳು ದಾರಿಯಲ್ಲೇ ತೀರಿಕೊಂಡರು. ಅದರಲ್ಲಿ ನಗುವಂಥದ್ದು ನನಗೇನೂ ಸಿಗಲಿಲ್ಲ, ಮುಂದಕ್ಕೆ ಹೋಗುತ್ತೇನೆ.

ಅಧಿಕೃತ ನೀತಿಯೂ ಇದೆ ಎನ್ನಿ. ಸಣ್ಣ ಉದ್ಯಮವನ್ನು ಮೂರು ವರ್ಷ ಪೂರ್ವಾನುಮತಿಯಿಲ್ಲದೆ ನಡೆಸಬಹುದೆಂದು ಕೇರಳ 2019ರಲ್ಲಿ ಕಾನೂನು ಮಾಡಿತು. ಒಳ್ಳೆಯ ಕಾನೂನೇ. ಆದರೆ ಕಚೇರಿಯ ಕಾಗದಗಳು ಮಲಯಾಳದಲ್ಲಿ ಬರುವುದರಿಂದ, ಬದಿಯಡ್ಕದ ಕನ್ನಡಿಗ ಉಪ್ಪಿನಕಾಯಿ ಘಟಕ ಆರಂಭಿಸುವ ಮೊದಲು ಕಾಗದ ಓದಿ ಹೇಳುವವನ ಅಂಗಡಿ ಆರಂಭವಾಗಿರುತ್ತದೆ.

ಆದ್ದರಿಂದ ನನ್ನ ನಮ್ರ ಸಲಹೆ: ಬಿಕೋ ಎನ್ನುವ ಕೈಗಾರಿಕಾ ಪ್ರದೇಶ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಡುಮಧ್ಯೆ ಒಂದು ರಾಜ್ಯದ ಗಡಿ ಎಳೆಯಿರಿ. ಸಬ್ಸಿಡಿ ಬೇಡ, ಉದ್ಘಾಟನೆ ಬೇಡ. ಎಡಕ್ಕೊಂದು ತೆರಿಗೆ, ಬಲಕ್ಕೊಂದು ನಿಷೇಧ ಇದ್ದರೆ ಉಳಿದದ್ದನ್ನು ಜನ ನೋಡಿಕೊಳ್ಳುತ್ತಾರೆ.

ಈ ದೃಷ್ಟಿಯಿಂದ ರಾಜ್ಯಗಳ ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗದ ವರದಿ ಮಾತ್ರ ಸ್ವಲ್ಪ ಅಪಾಯಕಾರಿ. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಅದು 1967ರಲ್ಲೇ ಹೇಳಿದೆ. ಹಾಗೇನಾದರೂ ಆಗಿಬಿಟ್ಟರೆ ತಲಪಾಡಿಯ ವ್ಯಾಪಾರಿಗಳ ಗತಿ? ಲಾಟರಿ ಮೇಜುಗಳನ್ನು ಹೊಳೆಯ ತೆಂಕು ದಡದ ಚೆಮ್ನಾಡಿಗೆ ಸಾಗಿಸಬೇಕು, ಅಗ್ಗದ ಪೆಟ್ರೋಲಿನ ಸಾಲು ಕಾಸರಗೋಡು ಪೇಟೆಯೊಳಕ್ಕೇ ಬರುತ್ತದೆ. ಕಾಸರಗೋಡು ಕರ್ನಾಟಕಕ್ಕೆ ಸೇರಲೆನ್ನುವ ಏಕೀಕರಣದ ಸಭೆಗಳಿಗೆ ನಾನು ಈಗಲೂ ತಪ್ಪದೆ ಹೋಗುತ್ತೇನೆ. ಜೊತೆಗೆ, ಚಂದ್ರಗಿರಿ ಸೇತುವೆಯ ಬಡಗು ತುದಿಯಲ್ಲಿ ಹತ್ತು ಸೆಂಟ್ಸ್ ಜಾಗ ಕೊಡುವವರಿದ್ದರೆ ತಿಳಿಸಿ, ರಸ್ತೆಗೆ ತಾಗಿಕೊಂಡೇ ಇರಬೇಕು.