ಕೂದಲು ಯಾರು ಕೇಳಿದರು?

ಸ್ಪ್ಯಾನಿಷ್ ಮಾತನ್ನು ಪದಕ್ಕೆ ಪದ ತಿರುಗಿಸುವ ಈ ಆ್ಯಪ್‌ಗಳಿಂದ ನಿಜಕ್ಕೂ ರೋಸಿಹೋಗಿದ್ದೇನೆ. ಮೆಕ್ಸಿಕೋದ ಸಹೋದ್ಯೋಗಿ ‘ಮೆ ಎಸ್ತಾಸ್ ತೊಮಾಂದೊ ಎಲ್ ಪೆಲೊ?’ ಅಂತ ಮೆಸೇಜ್ ಹಾಕಿದಳು. ಆ್ಯಪ್ ಹೇಳಿದ್ದು: ‘ನನ್ನ ಕೂದಲು ತೆಗೆದುಕೊಳ್ಳುತ್ತಿದ್ದೀಯಾ?’ ಅವಳು ಕೇಳಿದ್ದು ‘ನನ್ನ ಕಿವಿಗೆ ಹೂ ಇಡ್ತಿದ್ದೀಯಾ?’ ಅಂತ. ನಮ್ಮಲ್ಲಿ ಅಷ್ಟು ಚೆಂದದ ಮಾತಿದೆ, ಅಲ್ವಾ?

‘ಆಓರೀತಾ’ ಅಂತೂ ಇನ್ನೂ ಕಷ್ಟ. ‘ಆಓರಾ’ ಅಂದರೆ ಈಗ. ಅದಕ್ಕೆ ಬಾಲ ಸೇರಿಸಿದರೆ ‘ಈಗಲೇ’ ಅಂತ ಆ್ಯಪ್ ಹೇಳುತ್ತೆ. ಮೆಕ್ಸಿಕೋದಲ್ಲಿ ಅದು ಐದು ನಿಮಿಷವೂ ಆಗಬಹುದು, ಸಂಜೆಯೂ ಆಗಬಹುದು. ‘ಆಓರೀತಾ ಫೈಲ್ ಕಳಿಸ್ತೀನಿ’ ಅಂದಳು. ಊಟ ಬಿಟ್ಟು ಕಾದೆ. ಫೈಲ್ ಬಂದಾಗ ರಾತ್ರಿ ಹನ್ನೊಂದು. ಅವಳದೇನೂ ತಪ್ಪಿಲ್ಲ. ಅರ್ಥದ ಜೊತೆ ಬಳಕೆಯನ್ನೂ ಒಂದು ಸಾಲಿನಲ್ಲಿ ಹೇಳಬಾರದಿತ್ತಾ ಆ ಆ್ಯಪ್?