ಗಾಡಿ ಇದೆ, ಪ್ಲಗ್ ಪಾಯಿಂಟ್ ಇಲ್ಲ

ನಿನ್ನೆ ರಾತ್ರಿ ನಮ್ಮ ಓಣಿಯಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಎದುರು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಟೀಚರ್ ಒಬ್ಬರು ಬಾಲ್ಕನಿಯಿಂದ ವೈರ್ ಇಳಿಬಿಟ್ಟು ಎಲೆಕ್ಟ್ರಿಕ್ ಸ್ಕೂಟಿ ಚಾರ್ಜಿಗೆ ಹಾಕಿದ್ದರು. ಮಾಲೀಕರು ಬಂದು ಎಲ್ಲರ ಎದುರಿಗೇ ಪ್ಲಗ್ ಕಿತ್ತರು. "ಗಾಡಿ ಚಾರ್ಜ್ ಮಾಡೋದಿದ್ರ ಬ್ಯಾರೆ ಮನಿ ನೋಡ್ಕೋರಿ. ಬೆಂಕಿ ಹತ್ತಿದ್ರ ಯಾರ್ರಿ ಜವಾಬ್ದಾರಿ?" ಆಕೆ ಸಮಾಧಾನದಿಂದಲೇ ಕೇಳಿದರು: "ಕೆಳಗ ಒಂದು ಪ್ಲಗ್ ಪಾಯಿಂಟ್ ನಾನೇ ಹಾಕಿಸ್ಕೋತೀನ್ರಿ ಅಣ್ಣಾರ, ಖರ್ಚು ನಂದೇ." "ಬ್ಯಾಡಂದ್ರ ಬ್ಯಾಡ್ರಿ." ಮಾಲೀಕರದ್ದು ಅಷ್ಟೇ ಉತ್ತರ.

ನಾನು ವೈರಿಂಗ್ ಕೆಲಸ ಮಾಡುವವನು, ನಿಮಗೆಲ್ಲ ಗೊತ್ತೇ ಇದೆ. ಕಲಬುರಗಿಯಲ್ಲಿ ಎಷ್ಟೋ ಮನೆಗಳ ಮೀಟರ್ ಬೋರ್ಡ್ ಬಿಚ್ಚಿ ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಎಲೆಕ್ಟ್ರಿಕ್ ಗಾಡಿಗೆ ಅಡ್ಡ ನಿಂತಿರುವುದು ಗಾಡಿಯ ಬೆಲೆಯಲ್ಲ, ಬ್ಯಾಟರಿಯೂ ಅಲ್ಲ. ಬಾಡಿಗೆ ಮನೆಯ ಕೆಳಗೆ ಒಂದು ಪ್ಲಗ್ ಪಾಯಿಂಟ್ ಇಲ್ಲ, ಕೇಳಿದರೂ ಕೊಡುವುದಿಲ್ಲ.

2017ರಲ್ಲಿ ದೇಶದಲ್ಲೇ ಮೊದಲು ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದದ್ದು ಕರ್ನಾಟಕ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ, ಅದರಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇವೆ. ಅವು ನಮ್ಮ ಕಡೆಗೂ ಬರಬೇಕು, ಆ ಜಗಳ ಇದ್ದೇ ಇದೆ. ಆದರೆ ಸ್ಕೂಟಿಗೆ ಅಷ್ಟು ದೊಡ್ಡ ಕೇಂದ್ರ ಯಾಕೆ ಬೇಕು? ರಾತ್ರಿ ನಾಲ್ಕೈದು ತಾಸು ಮನೆ ಮುಂದೆ ಪ್ಲಗ್‌ಗೆ ಹಾಕಿದರೆ ಮುಗಿಯಿತು. ಸ್ವಂತ ಮನೆ ಇದ್ದವರಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ಈ ಗಾಡಿ ನಿಜವಾಗಿ ಬೇಕಾದವರು ಯಾರು? ಹಳ್ಳಿ ಶಾಲೆಗೆ ಹೋಗುವ ಟೀಚರ್, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್, ದಿನವಿಡೀ ಪಾರ್ಸೆಲ್ ಹಂಚುವ ಹುಡುಗರು. ಇವರಲ್ಲಿ ಹೆಚ್ಚಿನವರು ಇರುವುದು ಬಾಡಿಗೆ ಮನೆಯಲ್ಲೇ ಅಲ್ವಾ?

ಈ ಟೀಚರ್ ಕಮಲಾಪುರ ಕಡೆಯ ಹಳ್ಳಿಯೊಂದರ ಶಾಲೆಗೆ ಹೋಗುತ್ತಾರೆ. ಹೋಗಿ ಬರಲು 60 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ಇದೆಯಲ್ಲ ಎನ್ನಬೇಡಿ, ಶಾಲೆ ಸಮಯಕ್ಕೆ ಆ ಹಳ್ಳಿಗೆ ಬಸ್ಸೇ ಇಲ್ಲ. ಪೆಟ್ರೋಲ್ ಗಾಡಿ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ದಿನಕ್ಕೆ 130 ರೂಪಾಯಿಗಿಂತ ಕಡಿಮೆ ಆಗುವುದಿಲ್ಲ. ಇದೇ ದಾರಿಗೆ ಎಲೆಕ್ಟ್ರಿಕ್ ಸ್ಕೂಟಿ ತಿನ್ನುವುದು ಎರಡೂವರೆ ಯೂನಿಟ್, ಅಂದರೆ ಹದಿನೈದು ರೂಪಾಯಿ. ತಿಂಗಳಿಗೆ ಸುಮಾರು ಮೂರು ಸಾವಿರ ಉಳಿಯುತ್ತದೆ. ಸಾಲ ಮಾಡಿ ಗಾಡಿ ತಂದದ್ದೇ ಈ ಲೆಕ್ಕದ ಮೇಲೆ.

ಮಾಲೀಕರು ಎರಡು ಮಾತು ಹೇಳುತ್ತಾರೆ. ಒಂದು, ಬಿಲ್. ಮೇಲಿನ ಮನೆಗೆ ಬೇರೆ ಮೀಟರ್ ಇದೆ, ಆ ಮೀಟರಿನಿಂದಲೇ ಲೈನ್ ಎಳೆದರೆ ಮಾಲೀಕರಿಗೆ ಒಂದು ಪೈಸೆಯ ಹೊರೆಯೂ ಇಲ್ಲ. ಗೃಹಜ್ಯೋತಿ ಹೋಗುತ್ತದೆ ಎಂಬ ಹೆದರಿಕೆಯೂ ಬೇಡ. ತಿಂಗಳಿಗೆ 80 ಯೂನಿಟ್ ಸುಡುವ ಮನೆ 140ಕ್ಕೆ ಏರಿದರೂ 200ರ ಒಳಗೇ ಇರುತ್ತದೆ. ಆ ಮನೆಗೆ ನಿಗದಿ ಮಾಡಿದ ಉಚಿತ ಯೂನಿಟ್ ದಾಟಿದ ಭಾಗಕ್ಕೆ ಮಾತ್ರ ದುಡ್ಡು, ಅದನ್ನು ಕಟ್ಟುವವರು ಬಾಡಿಗೆದಾರರೇ.

ಎರಡನೆಯದು ಬೆಂಕಿ. 2022ರಲ್ಲಿ ಹಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ್ದು ನಿಜ. ಆ ವರ್ಷದ ಕೊನೆಯಿಂದಲೇ ಎಐಎಸ್-156 ಎಂಬ ಬ್ಯಾಟರಿ ಪರೀಕ್ಷೆಯ ನಿಯಮವನ್ನು ಬಿಗಿ ಮಾಡಿದ್ದಾರೆ. ಅದಿರಲಿ, ನಾನು ಕಣ್ಣಾರೆ ನೋಡುವ ಅಪಾಯ ಬೇರೆ. ಬಾಲ್ಕನಿಯಿಂದ ಇಳಿಬಿಟ್ಟ ಸಣ್ಣ ವೈರ್, ಸಡಿಲವಾದ ಎಕ್ಸ್‌ಟೆನ್ಶನ್ ಬೋರ್ಡ್, ಮಳೆ ಬಂದರೆ ನೆನೆಯುವ ಜೋಡಣೆ. ತಾಸುಗಟ್ಟಲೆ ಕರೆಂಟ್ ಹರಿದಾಗ ಬಿಸಿಯಾಗಿ ಕರಗುವುದು ಅದೇ. ಸರಿಯಾದ ಪಾಯಿಂಟ್ ಕೊಡುವುದಿಲ್ಲ ಎಂದಾಗ ಜನ ಈ ದಾರಿ ಹಿಡಿಯುತ್ತಾರೆ. ಬೆಂಕಿಗೆ ಹೆದರುವ ಮಾಲೀಕರು ಮೊದಲು ಪಾಯಿಂಟ್ ಹಾಕಿಸಬೇಕು!

ಕೆಲಸವೂ ದೊಡ್ಡದಲ್ಲ. ಮೀಟರಿನಿಂದ ನೇರ 4 ಎಂಎಂ ವೈರ್, 15 ಆಂಪಿನ ಸಾಕೆಟ್, ಲೋಡ್ ಹೆಚ್ಚಾದರೆ ಲೈನ್ ಕಡಿಯಲು ಅದಕ್ಕೇ ಪ್ರತ್ಯೇಕ ಎಂಸಿಬಿ ಸ್ವಿಚ್, ಲೀಕೇಜ್ ಆದರೆ ತಾನೇ ಬೀಳುವ ಟ್ರಿಪ್ಪರ್, ಒಳ್ಳೆಯ ಅರ್ತಿಂಗ್. ನಾಲ್ಕೈದು ಸಾವಿರದ ಕೆಲಸ. ಅರ್ತಿಂಗ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ತಿಂಗ್ ಗುಂಡಿಯ ಸುತ್ತಲಿನ ಮಣ್ಣು ಪೈಪಿನ ಹಿಡಿತ ಬಿಡುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಗುಂಡಿಗೆ ನೀರು ಹಾಕುತ್ತಿರಬೇಕು. ಹಾಗೆಯೇ 43 ಡಿಗ್ರಿ ಬಿಸಿಲಲ್ಲಿ ಓಡಿಸಿಕೊಂಡು ಬಂದ ತಕ್ಷಣ ಪ್ಲಗ್ ಚುಚ್ಚಬೇಡಿ. ಬ್ಯಾಟರಿ ತಣ್ಣಗಾಗಲಿ, ಊಟ ಮುಗಿಸಿ ಹಾಕಿ. ಬ್ಯಾಟರಿಯ ಆಯಸ್ಸು ಉಳಿಯುವುದು ಹೀಗೆ.

ನಿಯಮ ಇಲ್ಲವೇ ಅಂದರೆ, ಇದೆ. ಕೇಂದ್ರದ ಮಾದರಿ ಕಟ್ಟಡ ನಿಯಮಕ್ಕೆ 2019ರಲ್ಲೇ ತಿದ್ದುಪಡಿ ಮಾಡಿ, ಪಾರ್ಕಿಂಗ್ ಜಾಗದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಎಂದರು. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯಲು ಅವಕಾಶ ಕೊಟ್ಟರು. ಆದರೆ ಫರ್ಸಿ ಕಲ್ಲು ಹಾಸಿದ ಹಳೆಯ ಎರಡು ಮಹಡಿ ಮನೆಯಲ್ಲಿ, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕಾದ ಬಾಡಿಗೆದಾರರು ಈ ನಿಯಮ ಹಿಡಿದು ಯಾರ ಹತ್ತಿರ ಹೋಗಬೇಕು? ಸಬ್ಸಿಡಿ ಅಂತ ಇಷ್ಟು ವರ್ಷ ಖರ್ಚು ಮಾಡಿದರು. ಬಾಡಿಗೆ ಮನೆಗೆ ಪಾಯಿಂಟ್ ಹಾಕಿಸುವ ಮಾಲೀಕರ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ಬಿಡಲಿ. ಜಾಸ್ತಿ ಕೆಲಸ ಆಗುತ್ತದೆ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ನಾನು ಬಾಡಿಗೆ ಮನೆಗಳಲ್ಲೇ ಬೆಳೆದವನು. ಒಂದು ಫ್ಯಾನ್ ಹೆಚ್ಚಿಗೆ ಹಾಕಿಕೊಳ್ಳಲು ಅಪ್ಪ ಮಾಲೀಕರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ನಿನ್ನೆ ಆ ಟೀಚರ್ ನಿಂತದ್ದೂ ಹಾಗೆಯೇ.

ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಈಗ ಬಾಡಿಗೆಗೆಂದೇ ಮನೆ ಕಟ್ಟಿಸುತ್ತಿರುವ ಗೆಳೆಯರೇ, ಪ್ಲಾಸ್ಟರ್ ಆಗುವ ಮೊದಲೇ ಪ್ರತಿ ಮೀಟರಿನಿಂದ ಪಾರ್ಕಿಂಗ್‌ಗೆ ಒಂದೊಂದು ಪೈಪ್ ಹಾಕಿಸಿಬಿಡಿ. ಹಳೆಯ ಮನೆ ಇದ್ದವರು ನನಗೆ ಮೆಸೇಜ್ ಮಾಡಿ. ಬಂದು ವೈರಿಂಗ್, ಅರ್ತಿಂಗ್ ಪರೀಕ್ಷೆ ಮಾಡಿ ಹೇಳುತ್ತೇನೆ, ಅದಕ್ಕೆ ದುಡ್ಡು ಬೇಡ. ಲೈನ್ ತಾಳುವುದಿಲ್ಲ ಅನ್ನಿಸಿದರೆ ಬೇಡ ಅಂತ ನಾನೇ ಹೇಳುತ್ತೇನೆ.