ಟ್ಯಾನ್ ಇನ್ವರ್ಸ್ ಒತ್ತಿದರೆ ಮುಗಿಯಲಿಲ್ಲ
ಬಲಗಳನ್ನು ಕೂಡಿಸುವ ಬಗೆಗಿನ ಲೇಖನವೊಂದರಲ್ಲಿ, ಅವುಗಳ ಎಕ್ಸ್ (ಅಡ್ಡ) ಮತ್ತು ವೈ (ಲಂಬ) ಘಟಕಗಳನ್ನು ಬೇರೆಬೇರೆಯಾಗಿ ಕೂಡಿ, ವೈ ಮೊತ್ತವನ್ನು ಎಕ್ಸ್ ಮೊತ್ತದಿಂದ ಭಾಗಿಸಿ ಟ್ಯಾನ್ ಇನ್ವರ್ಸ್ (ಟ್ಯಾನ್ ಬೆಲೆಯಿಂದ ಕೋನ ಕೊಡುವ ಕ್ಯಾಲ್ಕುಲೇಟರ್ ಗುಂಡಿ) ಒತ್ತಿದರೆ ಫಲಿತ ಬಲದ ದಿಕ್ಕು ಸಿಗುತ್ತದೆ ಎಂದಿದೆ. ಮಕ್ಕಳು ಎಡವುವುದೇ ಅಲ್ಲಿ. ಎಕ್ಸ್ ಅಕ್ಷದಿಂದ 60 ಡಿಗ್ರಿಯಲ್ಲಿ 10 ನ್ಯೂಟನ್, 150 ಡಿಗ್ರಿಯಲ್ಲಿ 20 ನ್ಯೂಟನ್ ಬಲ ತೆಗೆದುಕೊಳ್ಳಿ. ಎಕ್ಸ್ ಘಟಕಗಳು (ಬಲ × ಕಾಸ್) 5 ಮತ್ತು -17.32, ಮೊತ್ತ -12.32. ವೈ ಘಟಕಗಳು (ಬಲ × ಸೈನ್) 8.66 ಮತ್ತು 10, ಮೊತ್ತ 18.66. ಫಲಿತ ಬಲ 22.36 ನ್ಯೂಟನ್, ಇಲ್ಲಿಯವರೆಗೆ ಸರಿ. ಆದರೆ ಕ್ಯಾಲ್ಕುಲೇಟರ್ ಕೋನವನ್ನು -56.6 ಎನ್ನುತ್ತದೆ, ಅಂದರೆ ಕೆಳಗೆ ಬಲಕ್ಕೆ! ಭಾಗಿಸಿದಾಗ ಮೈನಸ್ ಚಿಹ್ನೆ ಎಕ್ಸ್‌ನದೋ ವೈನದೋ ಎಂಬುದು ಅದಕ್ಕೆ ತಿಳಿಯದು. ಎಕ್ಸ್ ಮೊತ್ತ ಋಣವಾಗಿದ್ದರೆ 180 ಕೂಡಿಸಿ: 123.4 ಡಿಗ್ರಿ. ಒಂದು ಒರಟು ಚಿತ್ರ ಬರೆದುಕೊಂಡಿದ್ದರೆ ಈ ತಪ್ಪು ಕಣ್ಣಿಗೇ ಹೊಡೆಯುತ್ತದೆ. ಇನ್ನೊಂದು, ಕೋನವನ್ನು ಲಂಬದಿಂದ ಕೊಟ್ಟಿದ್ದರೆ ಸೈನ್, ಕಾಸ್ ಅದಲುಬದಲು. ಕಾಸ್ 60 ಒತ್ತಿದಾಗ 0.5 ಬದಲು -0.95 ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಲ್ಲ, ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ.